ಎಂಟನೆಯ ಆಜ್ಞೆ ಕಲಿಸಿದ ಕಾಕು

ಹೋದ ತಿಂಗಳು ಮೊಮ್ಮಗಳ ಬಾಣಂತನಕ್ಕೆಂದು ಗುಲಬರ್ಗಾಕ್ಕೆ ಹೋಗಿದ್ದೆ. ಬೆಳಗಿನ ಹೊತ್ತು, ಕೂಸಿಗೆ ಎರೆಯಲು ಬರುವ ಹೆಂಗಸು ಕಬ್ಬಿಣದ ಬೋಗುಣಿಯಲ್ಲಿ ಕೆಂಡ ತಂದು, ಮೇಲೆ ಚಿಟಿಕೆ ಅಜವಾನ ಉದುರಿಸಿ, ಕೂಸಿನ ತಲೆಯನ್ನು ಆ ಹೊಗೆಗೆ ಹಿಡಿದಳು. ಕೂಸು ಸೀನಿತು. ಎಲ್ಲರೂ ನಕ್ಕರು. ನಾನು ಎದ್ದು ಹೊರಗೆ ಬಂದೆ. "ಹೊಗಿ ಆಗವಲ್ದೇನು ಅಜ್ಜಿ?" ಎಂದು ಮೊಮ್ಮಗಳು ಒಳಗಿನಿಂದ ಕೇಳಿದಳು. ಹೌದು ಅಂದೆ. ಆದರೆ ಹೊಗೆ ಅಷ್ಟೇನೂ ಇರಲಿಲ್ಲ. ಆ ವಾಸನೆಯ ಜೊತೆ ಆಳಂದದ ಒಂದು ಮಣ್ಣಿನ ಕೋಣೆ ಕಣ್ಣ ಮುಂದೆ ಬಂದು ನಿಂತಿತ್ತು, ಅದರ ನಡುವೆ ಮೊಣಕಾಲೂರಿ ಕುಳಿತ ನಮ್ಮ ಬಾಜೂ ಮನೆಯ ಕಾಕು…

ಕಾಕು ಅಂದರೆ ನಮ್ಮ ಕಡೆ ಚಿಕ್ಕಮ್ಮ; ಆದರೆ ಅವಳು ನಮಗೆ ರಕ್ತಸಂಬಂಧಿಯಲ್ಲ. ಬಾಜೂ ಮನೆಯವಳಾದ್ದರಿಂದ ನಾನು ಹಾಗೆ ಕರೆದೆ, ಉಳಿದ ಮಕ್ಕಳೂ ಹಾಗೇ ಕರೆದರು. ಈಗ ಬರೆಯುತ್ತಿರುವುದರಲ್ಲಿ ಕೆಲವನ್ನು ನಾನೇ ಕಂಡಿದ್ದೇನೆ, ಕೆಲವನ್ನು ಅವ್ವನ ಬಾಯಿಂದ ಕೇಳಿದ್ದೇನೆ. ಯಾವುದು ಯಾವುದೆಂದು ಬೇರೆ ಮಾಡಿಯೇ ಬರೆಯುತ್ತೇನೆ. ಇಲ್ಲದಿದ್ದರೆ ಅವಳಿಗೆ ಸರಿಬರುತ್ತಿರಲಿಲ್ಲ.

ಆಗ ನಿಜಾಮರ ಆಳ್ವಿಕೆ. ದೊಡ್ಡ ಯುದ್ಧ ಶುರುವಾಗುವುದಕ್ಕಿಂತ ಸ್ವಲ್ಪ ಮೊದಲು ಇರಬೇಕು. ಆಳಂದದ ಊರಂಚಿನಲ್ಲಿ ನಮ್ಮವು ಕೆಲವೇ ಮನೆಗಳಿದ್ದವು. ಅಜ್ಜಂದಿರ ಕಾಲದಲ್ಲಿ ಲುಥರನ್ ಎಂಬ ಕ್ರೈಸ್ತ ಸಭೆಗೆ ಸೇರಿದವರು ನಾವು. ಸಭೆಗೆ ಸೇರಿದರೂ ಊರ ಬಾವಿಯ ಹತ್ತಿರ ನಮ್ಮನ್ನು ಬಿಟ್ಟುಕೊಳ್ಳುತ್ತಿರಲಿಲ್ಲ. ಹೊಲಗಳ ಆಚೆಯ ಬಾವಿಯಿಂದ ಕುಡಿಯುವ ನೀರು ಹೊತ್ತು ತರುತ್ತಿದ್ದೆವು. ನಮ್ಮದೇ ಎಂದು ಇದ್ದದ್ದು ಶಹಾಬಾದಿ ಕಲ್ಲು ಹೊದಿಸಿದ ಒಂದು ಪ್ರಾರ್ಥನಾ ಮಂದಿರ, ಅದರ ಹಿಂದೆ ಮೊಣಕಾಲೆತ್ತರದ ಕಲ್ಲಿನ ಗೋಡೆ ಸುತ್ತಿದ ಸಮಾಧಿಯ ನೆಲ. ಎರಡನ್ನೂ ಕಟ್ಟಿದವರು ಸಭೆಯ ಹಿರಿಯರಲ್ಲಿ ಒಬ್ಬರು, ಗೌಂಡಿ ಕೆಲಸದವರು. ಭಾನುವಾರದ ಆರಾಧನೆ ನಡೆಸಲು ಉಪದೇಶಿಗಳಿದ್ದರು. ದೀಕ್ಷಾಸ್ನಾನ, ಪ್ರಭು ಭೋಜನ, ಮದುವೆ ಇವಕ್ಕೆಲ್ಲ ಪಾದ್ರಿಗಳೇ ಬೇಕು. ಅವರು ಸೊಲ್ಲಾಪುರದ ಕಡೆಯಿಂದ ಖಜೂರಿ ದಾಟಿ ಬಂಡಿಯಲ್ಲಿ ಬರಬೇಕು. ಮಳೆಗಾಲದಲ್ಲಿ ಎರೆಮಣ್ಣು ಗಾಲಿ ಹಿಡಿದರೆ ಎತ್ತುಗಳು ನಿಂತೇಬಿಡುತ್ತಿದ್ದವು. ಪಾದ್ರಿಗಳು ಬಂದರೆ ಬಂದರು, ಇಲ್ಲದಿದ್ದರೆ ತಿಂಗಳುಗಟ್ಟಲೆ ಇಲ್ಲ.

ಕಾಕು ಸಣ್ಣವಳಿದ್ದಾಗ ಮಿಶನ್ನಿನ ಬೋರ್ಡಿಂಗಿನಲ್ಲಿದ್ದು ಓದಲು ಕಲಿತವಳು. ಗಂಡ ತೀರಿಹೋಗಿದ್ದ. ಒಬ್ಬಳೇ ಮಗಳನ್ನು ಅಫಜಲಪುರಕ್ಕೆ ಕೊಟ್ಟಿದ್ದಳು. ಅಡತಿ ವ್ಯಾಪಾರಿಗಳ ಮನೆಯಿಂದ ತೊಗರಿ ತಂದು ಹಸನು ಮಾಡಿಕೊಡುವುದು ಅವಳ ಕೆಲಸ. ಮೊರ ಹಿಡಿದು ಕೇರುತ್ತ ಕೂತ ಅವಳ ಎದುರಿಗೆ, ಸಂಜೆಯಾಗುವ ಮೊದಲು, ಸಭೆಯ ಮಕ್ಕಳೆಲ್ಲ ಸಾಲಾಗಿ ಕೂಡಬೇಕು. ಇದು ಯಾರೂ ಅವಳಿಗೆ ವಹಿಸಿದ ಕೆಲಸವಲ್ಲ. ನಮ್ಮ ಸಭೆಯಲ್ಲಿ ಕೂಸಿಗೆ ದೀಕ್ಷಾಸ್ನಾನ ಕೊಡುವಾಗ ತಂದೆತಾಯಿಯ ಜೊತೆ ಇಬ್ಬರೋ ಮೂವರೋ ಸಾಕ್ಷಿಗಳಾಗಿ ನಿಲ್ಲುತ್ತಾರೆ. ಈ ಕೂಸಿಗೆ ಆಜ್ಞೆಗಳನ್ನೂ ಪ್ರಾರ್ಥನೆಯನ್ನೂ ಕಲಿಸುತ್ತೀರಾ ಎಂದು ಪಾದ್ರಿಗಳು ಕೇಳಿದಾಗ ಹೌದು ಅನ್ನುತ್ತಾರೆ. ಅಂದವರು ಊಟ ಮಾಡಿ ಮನೆಗೆ ಹೋಗಿ ಮರೆಯುತ್ತಾರೆ. ಓದು ಬರುತ್ತದೆಂದು ಬಹಳ ಕೂಸುಗಳಿಗೆ ಕಾಕುವನ್ನೇ ಸಾಕ್ಷಿಯಾಗಿ ನಿಲ್ಲಿಸಿದ್ದರು. ಅವಳು ಮರೆಯಲಿಲ್ಲ, ಅಷ್ಟೆ. ಆಟಕ್ಕೆ ಓಡಿಹೋಗುವ ಹುಡುಗರ ತೋಳು ಹಿಡಿದು, "ನಿನ್ನ ತಲಿಗಿ ನೀರ ಬಿದ್ದ ದಿನ ನಾ ಹೌದು ಅಂದೇನಿ. ನೀ ಓಡಿ ಹೋದ್ರ ನನ್ನ ಮಾತ ಎಲ್ಲಿ ಹೋಗ್ಬೇಕು? ಕೂಡ" ಎನ್ನುತ್ತಿದ್ದಳು.

ಅವಳ ಪಾಠದಲ್ಲಿ ನನಗೆ ಚೆನ್ನಾಗಿ ನೆನಪಿರುವುದು ಎಂಟನೆಯ ಆಜ್ಞೆ. ಸುಳ್ಳು ಸಾಕ್ಷಿ ಹೇಳಬಾರದು ಎಂಬುದು ನಮ್ಮ ಸಭೆಯ ಎಣಿಕೆಯಲ್ಲಿ ಎಂಟನೆಯದು. ಉಳಿದ ಆಜ್ಞೆಗಳನ್ನು ಕಾಕು ಬಾಯಿಪಾಠ ಮಾಡಿಸಿ ಬಿಡುತ್ತಿದ್ದಳು. ಇದನ್ನು ಮಾತ್ರ ಕೆಲಸ ಹಚ್ಚಿ ಕಲಿಸುತ್ತಿದ್ದಳು. ಒಬ್ಬರನ್ನು ಊರ ಬಾಗಿಲ ಅಗಸಿಯ ತನಕ ಓಡಿಸಿ, ಅಲ್ಲಿ ಏನು ನಡೆದಿದೆ ನೋಡಿಕೊಂಡು ಬಾ ಎನ್ನುವಳು. ಬಂದವನನ್ನು ಎದುರಿಗೆ ನಿಲ್ಲಿಸಿ ಕೇಳುವಳು. ಒಮ್ಮೆ ಹೀಗೆ ಹೋಗಿ ಬಂದ ಒಬ್ಬ ಹುಡುಗ, "ಪಾಟೀಲರು ಭಾಳ ಸಿಟ್ಟಾಗ್ಯಾರ ಕಾಕು" ಅಂದ.

"ಸಿಟ್ಟು ನಿನ್ನ ಕಣ್ಣಿಗಿ ಕಾಣಿಸ್ತೇನು?"

"ಹೌದು. ಮೀಸಿ ಹಿಂಗ ಹಿಂಗ ಅಲ್ಲಾಡತಿತ್ತು."

"ಹಂಗಾರ ಮೀಸಿ ಕಂಡೀದಿ. ಮೀಸಿ ಅಷ್ಟ ಹೇಳು. ಅವ್ರ ಅಡಿಕಿ ತಿಂತಿದ್ರೋ ಏನೋ."

ನಾವು ನಗುತ್ತಿದ್ದೆವು. ಅವಳೂ ನಗುತ್ತಿದ್ದಳು. ಆದರೆ ತಪ್ಪಿದವನ ಮುಂದೆ ಒಂದು ಹಿಡಿ ತೊಗರಿ ಸುರಿದು ಹರಳು ಆರಿಸಲು ಕೂಡಿಸುತ್ತಿದ್ದಳು. ಕಂಡದ್ದನ್ನು ಕಂಡೆ ಅನ್ನು, ಕೇಳಿದ್ದನ್ನು ಕೇಳಿದೆ ಅನ್ನು, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅನ್ನು. ಮೂರನೆಯದೇ ಬಲು ಕಷ್ಟದ್ದು ಎನ್ನುವಳು. ನಮ್ಮ ಓಣಿಯಲ್ಲಿ ಆ ಕಾಲಕ್ಕೆ ಮಕ್ಕಳ ಮಾತನ್ನು ದೊಡ್ಡವರು ನಂಬುತ್ತಿದ್ದರು. ಇದನ್ನು ನೆನೆದರೆ ನನಗೆ ಈಗಲೂ ಹೆಮ್ಮೆ.

ಇನ್ನೊಂದು ಪಾಠವಿತ್ತು. ಅದು ಹಿರಿಯರಿಗೆ ಸರಿಬರುತ್ತಿರಲಿಲ್ಲ. ಪಾದ್ರಿಗಳು ದೂರ ಇದ್ದಾಗ ಕೂಸು ಸಾಯುವಂತಿದ್ದರೆ, ದೀಕ್ಷಾಸ್ನಾನ ಆದ ಯಾರಾದರೂ, ಹೆಂಗಸೇ ಆಗಲಿ, ಅದಕ್ಕೆ ದೀಕ್ಷಾಸ್ನಾನ ಕೊಡಬಹುದು ಎಂಬುದು ನಮ್ಮ ಸಭೆಯ ನಿಯಮ. ಕಾಕು ಅದನ್ನು ಬೋರ್ಡಿಂಗಿನಲ್ಲಿ ಕಲಿತಿದ್ದಳು. ಹಳೆ ಸೀರೆಯ ತುಂಡಿನ ಗೊಂಬೆ ಮಾಡಿ, ನಮ್ಮಿಂದ ಅದರ ತಲೆಗೆ ನೀರು ಹಾಕಿಸುತ್ತಿದ್ದಳು. ಬರೀ ನೀರಿರಬೇಕು. ಕೂಸಿನ ಹೆಸರು ಹೇಳಬೇಕು. ತಂದೆ, ಮಗ, ಪವಿತ್ರಾತ್ಮ, ಮೂರೂ ಹೆಸರು ಹೇಳುತ್ತ ಮೂರು ಸಲ ಹಾಕಬೇಕು. ಒದ್ದೆ ಗೊಂಬೆ ಗೋಡೆಯ ಮೇಲೆ ಒಣಗುತ್ತಿರುವುದನ್ನು ಕಂಡರೆ ಗೌಂಡಿ ಹಿರಿಯರು ಮುಖ ಸಿಂಡರಿಸುತ್ತಿದ್ದರು. "ಪಾದ್ರಿಗಳ ಕೆಲಸ ಹುಡ್ಗ್ಯಾರ ಕೈಯಾಗ ಕೊಟ್ಟೀದಿ. ಇದೇನ್ ಆಟೇನು?" ಎಂದು ಒಮ್ಮೆ ಕೇಳಿದ್ದು ನನಗೆ ನೆನಪಿದೆ. "ಆಟ ಇದ್ದಾಗನ ಕಲೀಬೇಕ್ರಿ. ಹೊತ್ತು ಬಂದಾಗ ಯಾರ ಕಲಸ್ತಾರ?" ಎಂದು ಕಾಕು ಮೊರ ಬಡಿದಳು.

ಆ ಹೊತ್ತು ಬಂತು…

ನಮ್ಮ ಹಿಂದಿನ ಮನೆಗೆ ಜೇವರ್ಗಿಯಿಂದ ಒಬ್ಬ ಸೊಸೆ ಬಂದಿದ್ದಳು. ಚೊಚ್ಚಲ ಹೆರಿಗೆಗೆ ತವರಿಗೆ ಕಳಿಸಬೇಕೆಂದು ಬಂಡಿ ಗೊತ್ತು ಮಾಡಿದ್ದರು. ಅಷ್ಟರಲ್ಲಿ, ದಿನ ತುಂಬುವ ಮೊದಲೇ, ಒಂದು ಚಳಿಯ ನಸುಕಿನಲ್ಲಿ ಹೆರಿಗೆಯಾಯಿತು. ಗಂಡು. ಅಂಗೈ ಮೇಲೆ ಮಲಗಿಸುವಷ್ಟು ಸಣ್ಣದು ಎಂದು ಅವ್ವ ಹೇಳಿದಳು. ಸೂಲಗಿತ್ತಿ ತನ್ನ ಕೆಲಸ ಮುಗಿಸಿ ಹೋದಳು. ಆ ಮನೆಯ ಗಂಡಸರೆಲ್ಲ ತೊಗರಿ ಕೊಯ್ಲಿಗೆ ನಿಂಬರ್ಗಾ ಕಡೆ ಹೋಗಿದ್ದರು. ಬಿಸಿಲೇರುವಾಗ ಅವ್ವ ನನ್ನ ಕೈಯಲ್ಲಿ ಅಜವಾನದ ಪುಡಿಕೆ ಕೊಟ್ಟು ಆ ಮನೆಗೆ ಕಳಿಸಿದಳು. ಕಾಕು ಆಗಲೇ ಅಲ್ಲಿದ್ದಳು. ಕೂಸಿನ ಆಯಿ (ಬಾಣಂತಿಯ ಅತ್ತೆ; ಅಜ್ಜಿಯನ್ನು ನಮ್ಮ ಕಡೆ ಆಗ ಹಾಗೆ ಕರೆಯುತ್ತಿದ್ದೆವು) ನನ್ನನ್ನು ತಳ್ಳಿಕೊಂಡೇ ಹೊರಗೆ ಓಡಿದಳು. ಸೂಲಗಿತ್ತಿಯನ್ನು ಮತ್ತೆ ಕರೆತರಲು ಹೋದಳೆಂದು ಆಮೇಲೆ ಗೊತ್ತಾಯಿತು.

ಒಳಗೆ ಹೊಗೆ ತುಂಬಿತ್ತು. ಬಾಣಂತಿ ಕೌದಿ ಹೊದ್ದು ಕಣ್ಣು ಮುಚ್ಚಿ ಮಲಗಿದ್ದಳು. ಜ್ವರ ಏರಿತ್ತಂತೆ. ಕಾಕು ಕೂಸನ್ನು ತೊಡೆಯ ಮೇಲೆ ಇಟ್ಟುಕೊಂಡು ಬಗ್ಗಿ ನೋಡುತ್ತಿದ್ದಳು. ನಾನೂ ನೋಡಿದೆ. ತುಟಿ ನೀಲಿಯಾಗಿದ್ದವು. ಹೊಟ್ಟೆ ಒಮ್ಮೆ ಏಳುತ್ತಿತ್ತು, ಆಮೇಲೆ ನಿಂತುಬಿಡುತ್ತಿತ್ತು, ಮತ್ತೆ ಏಳುತ್ತಿತ್ತು.

"ನೀರ ತಾ ಬೇ, ಜಲ್ದಿ" ಅಂದಳು.

ಒಲೆಯ ಮೇಲಿನ ಹಂಡೆಯಿಂದ ತಂಬಿಗೆ ತುಂಬಿ ತಂದೆ. ಬಾಣಂತಿಯ ಮೈ ತೊಳೆಯಲು ಕಾಯಿಸಿದ ನೀರು. ಕಾಕು ಅದರೊಳಗೆ ಇಣುಕಿ, "ಇದರಾಗ ಬೇವಿನ ಎಲಿ ಕುದ್ದಾವ. ಇದು ಬ್ಯಾಡ. ಬರೀ ನೀರ ತಾ, ಕುಡಿಯೋದು" ಅಂದಳು. ನಾನು ಅದನ್ನು ಚೆಲ್ಲಿ, ಮೂಲೆಯ ಗಡಿಗೆಯಿಂದ ತುಂಬಿ ತಂದೆ. ಆ ಚಳಿಗೆ ಗಡಿಗೆಯ ನೀರು ಕೈ ಕೊರೆಯುವಷ್ಟು ತಣ್ಣಗಿತ್ತು. ಕಾಕು ಅದನ್ನು ಎಡಗೈ ಬೊಗಸೆಗೆ ಸುರಿದುಕೊಂಡು, ಮೇಲೆ ಬಲಗೈ ಮುಚ್ಚಿ, ಹಾಗೇ ಎದೆಗೊತ್ತಿ ಹಿಡಿದಳು. ಎಷ್ಟು ಹೊತ್ತೆಂದು ಹೇಳಲಾರೆ. ಕೂಸಿನ ಹೊಟ್ಟೆ ಮತ್ತೆ ನಿಂತಿತ್ತು. ನನಗೆ ಕಿರುಚಬೇಕೆನಿಸಿತು. ಆಮೇಲೆ ಅವಳು ಒಂದು ಹೆಸರು ಹೇಳಿ, ಅದರ ನೆತ್ತಿಯ ಮೇಲೆ ನೀರು ಬಿಟ್ಟಳು. ಒಮ್ಮೆ, ಎರಡು ಸಲ… ಮೂರನೆಯ ಸಲ ಬಿಡುವಾಗ ಬಾಣಂತಿ ನರಳಿದಳು. ಕೂಸು ಬಾಯಿ ತೆರೆದು ಕೋಳಿಮರಿಯಂತೆ ಕಿಚ್ಚೆಂದಿತು.

ಅದೇ ಹೊತ್ತಿಗೆ ಆಯಿ ಸೂಲಗಿತ್ತಿಯೊಂದಿಗೆ ಬಂದಳು. ಕೂಸಿನ ಒದ್ದೆ ತಲೆ ಕಂಡಳು, ತಂಬಿಗೆಯಲ್ಲಿ ಕೈಯಿಟ್ಟು ನೋಡಿದಳು. "ಇಂಥಾ ಥಂಡ್ಯಾಗ ತಣ್ಣೀರ ಹಾಕ್ಯಾಳ" ಅಂದವಳೇ ಕೂಸನ್ನು ಕಸಿದುಕೊಂಡು ಕಾಕುವನ್ನು ತಳ್ಳಿದಳು. ಕಾಕು ಏನೋ ಹೇಳಹೋದಳು. ಬಾಗಿಲು ಮುಚ್ಚಿತು. ನಾವಿಬ್ಬರೂ ಅಂಗಳದಲ್ಲಿದ್ದೆವು.

ಕೂಸು ಮಧ್ಯಾಹ್ನದ ಹೊತ್ತಿಗೆ ಆಯಿಯ ತೊಡೆಯ ಮೇಲೆ ತೀರಿಹೋಯಿತು. ಇದು ಅವ್ವ ಹೇಳಿದ್ದು.

ಹೊತ್ತು ಮುಳುಗುವ ಮೊದಲು ಮಣ್ಣು ಕೊಡಬೇಕು. ಪ್ರಶ್ನೆ ಎದ್ದದ್ದು ಅಲ್ಲಿ. ದೀಕ್ಷಾಸ್ನಾನ ಆಗದೆ ತೀರಿಕೊಂಡ ಕೂಸುಗಳನ್ನು ನಮ್ಮಲ್ಲಿ ಕಲ್ಲಿನ ಗೋಡೆಯ ಹೊರಗೆ ಇಡುತ್ತಿದ್ದರು. ಗಂಟೆ ಇಲ್ಲ, ಪ್ರಾರ್ಥನೆ ಇಲ್ಲ, ಹೆಸರಿಲ್ಲ. ಇದು ಸಭೆಯ ನಿಯಮವೋ, ನಮ್ಮ ಹಿರಿಯರು ತಾವೇ ಹಾಕಿಕೊಂಡ ಪದ್ಧತಿಯೋ ನನಗೆ ಗೊತ್ತಿಲ್ಲ. ಗೋಡೆಯ ಹೊರಗೆ ಹುಲ್ಲು ಬೆಳೆಯುತ್ತಿತ್ತು, ಅಲ್ಲಿ ಎಮ್ಮೆ ಮೇಯುತ್ತಿದ್ದವು. ಕೂಸಿಗೆ ದೀಕ್ಷಾಸ್ನಾನ ಆಗಿದೆ, ಒಳಗೇ ಇಡಬೇಕು ಎಂದು ಕಾಕು ಉಪದೇಶಿಗಳ ಮನೆಗೆ ಹೋಗಿ ಹೇಳಿದಳು. ತಾನು ತಣ್ಣೀರು ಹಾಕಿದ್ದೂ ಹೌದು ಅಂದಳಂತೆ. ಉಪದೇಶಿಗಳು ಗಂಟೆ ಹೊಡೆಸಿ ಎಲ್ಲರನ್ನೂ ಮಂದಿರಕ್ಕೆ ಕರೆದರು.

ಪಾದ್ರಿಗಳಿಲ್ಲದಾಗ ಹೀಗೆ ನೀರು ಹಾಕಿದರೆ ವಿಚಾರಣೆಗೆ ಒಂದು ಕ್ರಮವಿತ್ತು. ಹಾಕಿದವರನ್ನು ಬೇರೆ, ಕಂಡವರನ್ನು ಬೇರೆ ಕೇಳಬೇಕು. ಇಬ್ಬರ ಮಾತೂ ಕೂಡಿದರೆ ಆದದ್ದು ಆಯಿತು, ಕೂಡದಿದ್ದರೆ ಇಲ್ಲ. ಉಪದೇಶಿಗಳು ಮೊದಲು ಕಾಕುವನ್ನು ಹಿಂದಿನ ಸಣ್ಣ ಕೋಣೆಗೆ ಕರೆದು ಬಾಗಿಲು ಹಾಕಿಕೊಂಡು ಕೇಳಿದರು. ಆಮೇಲೆ ಅವಳನ್ನು ಹೊರಗಿನ ಕಟ್ಟೆಯ ಮೇಲೆ ಕೂಡಿಸಿ, ನನ್ನನ್ನು ಕರೆದರು. ಅವ್ವ ನನ್ನ ಲಂಗದ ನೆರಿಗೆ ಸರಿಮಾಡಿದಳು.

ಮುಂದಿನ ಚಾಪೆಯ ಮೇಲೆ ಆಯಿ ಕೂತಿದ್ದಳು. ಕೂಸನ್ನು ಮನೆಯಲ್ಲಿ ಬಿಳಿ ಬಟ್ಟೆಯಲ್ಲಿ ಸುತ್ತಿ ಇಟ್ಟಿದ್ದರು.

"ಅಕಿ ಕಲಿಸಿದ ಹುಡುಗಿ ಇದು. ಗಿಳಿ ಹಂಗ ಹೇಳ್ತದ. ಇದನ್ನೇನ್ ಕೇಳ್ತೀರಿ?" ಎಂದು ಗೌಂಡಿ ಹಿರಿಯರು ಅಂದರು.

"ಗಿಳಿ ಹೇಳ್ತದೋ ಕಂಡಾಕಿ ಹೇಳ್ತಾಳೋ ಕೇಳಿದ ಮ್ಯಾಲ ಗೊತ್ತಾಗ್ತದ್ರಿ" ಅಂದರು ಉಪದೇಶಿಗಳು. ನನ್ನ ಕಡೆ ತಿರುಗಿ, "ಕೂಸು ಸಾಯಾಕತ್ತಿತ್ತೇನವ್ವಾ?" ಎಂದು ಕೇಳಿದರು.

"ಅದು ನನಗ ಗೊತ್ತಿಲ್ರಿ. ತುಟಿ ನೀಲಿ ಆಗಿದ್ವು. ಹೊಟ್ಟಿ ಏಳ್ತಿತ್ತು, ನಿಲ್ತಿತ್ತು."

ಗೌಂಡಿ ಹಿರಿಯರು ತಲೆಯೆತ್ತಿ ನನ್ನನ್ನು ನೋಡಿದರು.

"ನೀರ ಎಲ್ಲಿಂದು?"

ಎರಡು ಸಲ ತಂದದ್ದನ್ನು ಹೇಳಿದೆ. ಬೇವಿನ ನೀರನ್ನು ಬೇಡ ಅಂದದ್ದನ್ನು ಹೇಳಿದೆ. ಗಡಿಗೆಯ ನೀರು ತಣ್ಣಗಿತ್ತೇ ಎಂದು ಕೇಳಿದಾಗ ಹೌದು ಅಂದೆ. ಆಯಿ ಬಾಯಿಗೆ ಸೆರಗು ಒತ್ತಿಕೊಂಡಳು.

"ಕೇಳ್ರಿ" ಅಂದಳು. "ಕೇಳ್ರಿ, ನಾ ಹೇಳಿದ್ದ ಸುಳ್ಳಲ್ಲ."

"ತಂಬಗ್ಯಾಗ ತಣ್ಣಗಿತ್ರಿ. ಕೂಸಿನ ತಲಿ ಮ್ಯಾಲ ಬಿದ್ದಾಗ ಹೆಂಗಿತ್ತೋ ನಾ ಮುಟ್ಟಿಲ್ಲ" ಅಂದೆ. ಕಾಕು ನೀರನ್ನು ಹೇಗೆ ಹಿಡಿದಿದ್ದಳೆಂದು ಮಾತಿನಲ್ಲಿ ಹೇಳಲು ಬರಲಿಲ್ಲ. ಎಡಗೈ ಬೊಗಸೆ ಮಾಡಿ, ಬಲಗೈ ಮುಚ್ಚಿ, ಎದೆಗೊತ್ತಿ ತೋರಿಸಿದೆ. ಹಾಗೆ ಎಷ್ಟು ಹೊತ್ತು ನಿಂತೆನೋ, ಕೈ ಇಳಿಸು ಎಂದು ಉಪದೇಶಿಗಳೇ ಹೇಳಬೇಕಾಯಿತು.

"ಕೂಸಿಗಿ ಏನ್ ಹೆಸರ ಇಟ್ಳು?"

"ಯಾಕೋಬ ಅಂದ್ಳರಿ."

ಉಪದೇಶಿಗಳು ಮೆಲ್ಲಗೆ ತಲೆಯಾಡಿಸಿದರು. ಆಯಿಯ ಸೆರಗು ಬಾಯಿಂದ ಜಾರಿತ್ತು. ಯಾಕೋಬ ಎಂಬುದು ತೀರಿಹೋದ ಅವಳ ಗಂಡನ ಹೆಸರು. ಸೊಸೆ ಬಸುರಾದಾಗಿನಿಂದ, ಗಂಡಾದರೆ ನಮ್ಮವರ ಹೆಸರೇ ಎಂದು ನೀರಿಗೆ ಹೋಗುವಾಗ ಬರುವಾಗ ಎಲ್ಲರ ಮುಂದೆ ಹೇಳಿಕೊಂಡಿದ್ದಳು. ಉಸಿರು ನಿಲ್ಲುತ್ತಿದ್ದ ಕೂಸನ್ನು ತೊಡೆಯ ಮೇಲೆ ಇಟ್ಟುಕೊಂಡಾಗಲೂ ಕಾಕುವಿಗೆ ಅದು ನೆನಪಿತ್ತು.

ಇನ್ನೊಂದೇ ಪ್ರಶ್ನೆ ಉಳಿದಿತ್ತು. ಅದನ್ನು ಗೌಂಡಿ ಹಿರಿಯರೇ ಕೇಳಿದರು. "ಮೂರೂ ಹೆಸರ ಅಂದ್ಳೇನು? ತಂದೆ, ಮಗ, ಪವಿತ್ರಾತ್ಮ?"

ಕಿಟಕಿಯಾಚೆ ಕಟ್ಟೆಯ ಮೇಲೆ ಕಾಕುವಿನ ಬೆನ್ನು ಕಾಣುತ್ತಿತ್ತು. ನಮ್ಮ ಮಾತು ಅವಳಿಗೆ ಕೇಳಿಸುವಷ್ಟು ಹತ್ತಿರ. ಅವಳು ತಿರುಗಲಿಲ್ಲ. ಹೌದು ಅಂದುಬಿಟ್ಟರೆ ಮುಗಿದುಹೋಗುತ್ತದೆ ಎಂದು ನನಗೆ ಗೊತ್ತಿತ್ತು. ಮೂರನೆಯದನ್ನು ಅವಳು ಹೇಳಿದ್ದಾಳೆ ಎಂಬುದರಲ್ಲಿ ನನಗೆ ಸಂಶಯವೂ ಇರಲಿಲ್ಲ. ಆದರೆ…

"ಎರಡು ಕೇಳೇನ್ರಿ" ಅಂದೆ. "ಮೂರನೇ ಸಲ ನೀರ ಬಿಟ್ಟದ್ದು ಕಂಡೇನಿ. ತುಟಿ ಅಲ್ಲಾಡಿದ್ವು. ಅಷ್ಟರಾಗ ಬಾಣಂತಿ ನರಳಿದ್ಳು. ನನಗ ಕೇಳಿಸಲಿಲ್ಲ."

ಅವ್ವ ಹಿಂದಿನಿಂದ ಉಸಿರೆಳೆದದ್ದು ಕೇಳಿಸಿತು. "ಹಂಗಾದ್ರ ಆಗ್ಲಿಲ್ಲ" ಎಂದು ಯಾರೋ ಅಂದರು, ಯಾರೆಂದು ನೆನಪಿಲ್ಲ. ಉಪದೇಶಿಗಳು ಕಣ್ಣು ಮುಚ್ಚಿ ಕೂತರು. ಗೌಂಡಿ ಹಿರಿಯರು ಮಾತ್ರ ಆಗ ನಾವು ನೆನೆಯದಿದ್ದುದನ್ನು ಕೇಳಿದರು. "ಗಿಳಿ ಅಲ್ಲ ಇದು. ಗಿಳಿ ಆಗಿದ್ರ ಮೂರೂ ಹೇಳ್ತಿತ್ತು. ಅಲ್ಲಿ ಮತ್ಯಾರ ಇದ್ರು ತಂಗಿ?"

"ಬಾಣಂತಿ ಇದ್ಳರಿ."

ಅವಳನ್ನು ಯಾರೂ ಕೇಳಿರಲಿಲ್ಲ. ಜ್ವರದಲ್ಲಿ ಮೈಮೇಲೆ ಎಚ್ಚರವಿಲ್ಲ ಎಂದು ಎಲ್ಲರೂ ಅಂದುಕೊಂಡಿದ್ದರು. ಹೆತ್ತವಳಿಗೆ ಕೂಸು ಹೋದದ್ದನ್ನು ಇನ್ನೂ ಹೇಳಬಾರದೆಂದು ಯಾರನ್ನೂ ಒಳಗೆ ಬಿಡದೆ ಕಾದಿದ್ದವರೂ ಇದ್ದರು. ಉಪದೇಶಿಗಳು ಏಳುವಷ್ಟರಲ್ಲಿ ಆಯಿ ಎದ್ದು ನಿಂತಳು.

"ನೀವ್ ಬ್ಯಾಡ್ರಿ. ನಾ ಕೇಳ್ತೇನಿ."

ಅವಳು ಹೋಗಿ ಬರುವ ತನಕ ಬಿಸಿಲು ಬಾಗಿಲಿನಿಂದ ಒಳಗೆ ಬಂದು ಚಾಪೆಯ ಅಂಚಿಗೆ ತಾಗಿತು. ಕಾಕು ಕಟ್ಟೆಯ ಮೇಲೆ ಹಾಗೇ ಇದ್ದಳು. ಆಯಿ ಮರಳಿದಾಗ ಒಳಗೆ ಬರಲಿಲ್ಲ. ಹೊಸ್ತಿಲ ಹೊರಗೇ ನಿಂತು, ಉಪದೇಶಿಗಳನ್ನು ನೋಡುತ್ತ ಒಂದೊಂದೇ ಮಾತು ಹೇಳಿದಳು.

"ಮೂರೂ ಅಂದ್ಳಂತ. ತಂದೆ ಅಂದ್ಳು, ಮಗ ಅಂದ್ಳು, ಪವಿತ್ರಾತ್ಮ ಅಂದ್ಳು. ಅಕಿಗಿ ಎಲ್ಲಾ ಎಚ್ಚರ ಅದ. ಕೂಸ ಹೋಗಿದ್ದೂ ಗೊತ್ತದ, ಬಾಗಲಾ ಹಾಕಿ ನಾವ ಅತ್ತದ್ದೂ ಕೇಳ್ಯಾಳ. ನರಳಿಲ್ಲಂತ್ರಿ. ಯಾಕೋಬ ಅಂತ ಹೆಸರ ಕೇಳಿಸ್ತು, ಒಮ್ಮಿ ಕರೀಬೇಕ ಅನಿಸ್ತು, ಕರದ್ನಿ ಅಂತಾಳ."

ಆಮೇಲೆ ಕಟ್ಟೆಯ ಕಡೆ ತಿರುಗಿದಳು. "ಏಳ ಬೇ" ಅಂದಳು ಕಾಕುವಿಗೆ. "ಹೊತ್ತಾಗ್ತದ. ಕೂಸಿನ್ನ ನೀನ ಎತ್ಕೋ."

ಗೋಡೆಯ ಒಳಗೆ, ಈಶಾನ್ಯದ ಮೂಲೆಯಿಂದ ಸ್ವಲ್ಪ ಈಚೆ, ಗೌಂಡಿ ಹಿರಿಯರೇ ಗುದ್ದಲಿ ಹಿಡಿದರು. ಹೊಲದಿಂದ ಓಡಿಬಂದ ಕೂಸಿನ ಅಪ್ಪ ಅವರ ಪಕ್ಕದಲ್ಲಿ ನಿಂತಿದ್ದ, ಗುದ್ದಲಿ ಅವನ ಕೈಗೆ ಕೊಡಲಿಲ್ಲ. ಉಪದೇಶಿಗಳು ಹೆಸರು ಹಿಡಿದು ಪ್ರಾರ್ಥನೆ ಮಾಡಿದರು. ಗಂಟೆ ಹೊಡೆಯಿತು. ಬಜಾರಿನ ತನಕ ಕೇಳಿಸಿತಂತೆ, ಯಾರೋ ದೊಡ್ಡವರು ತೀರಿಕೊಂಡರೆಂದು ಊರವರು ಅಂದುಕೊಂಡರಂತೆ.

ಮರಳಿ ಬರುವಾಗ ನಾನು ಕಾಕುವಿನ ಹಿಂದೆ ದೂರದಲ್ಲಿ ನಡೆಯುತ್ತಿದ್ದೆ. ಕೇಳಿಸಲಿಲ್ಲ ಅಂದದ್ದಕ್ಕೆ ಅವಳಿಗೆ ಏನನಿಸಿತೋ ಎಂದು ಹೆದರಿಕೆ. ಅವಳು ನಿಂತು ನಾನು ಹತ್ತಿರ ಬರುವ ತನಕ ಕಾದಳು. ಅವಳ ಸೀರೆಯ ಮುಂಭಾಗಕ್ಕೆ ಮಣ್ಣು ಹತ್ತಿತ್ತು. "ಎಂಟನೇದು ಬರೋಬರ್ ಕಲ್ತೀದಿ ಬೇ" ಅಂದಳು. ಮುಂದೆ ನನಗೆ ಶಾಲೆಯಲ್ಲಿ, ಕೆಲಸದಲ್ಲಿ ಒಳ್ಳೆಯ ಮಾತುಗಳು ಬಂದಿವೆ. ಆದರೆ ಆ ಸಂಜೆಯ ಮಾತಿನ ಎದುರಿಗೆ ಇಡುವಂಥದ್ದು ಒಂದೂ ಇಲ್ಲ.

ಜೋಳದ ರಾಶಿ ಮುಗಿದ ಮೇಲೆ ಪಾದ್ರಿಗಳು ಬಂದರು. ಎಲ್ಲ ಕೇಳಿ, ಭಾನುವಾರ ಸಭೆಯ ಮುಂದೆ ನಿಂತು, ಯಾಕೋಬನಿಗೆ ಆದದ್ದು ಸರಿಯಾದ ದೀಕ್ಷಾಸ್ನಾನ, ಮತ್ತೆ ಯಾರೂ ಪ್ರಶ್ನೆ ಮಾಡಬಾರದು ಎಂದರು. ಆ ಬಾಣಂತಿ ಹೆಂಗಸರ ಸಾಲಿನಲ್ಲಿ ಮೊದಲು ಕೂತಿದ್ದಳು. ಅದೇ ವಾರ ಗೌಂಡಿ ಹಿರಿಯರು ತಮ್ಮ ಮೊಮ್ಮಗಳ ಕೈ ಹಿಡಿದು ಕಾಕುವಿನ ಅಂಗಳಕ್ಕೆ ಬಂದರು. "ಇದಕ್ಕೂ ಜರಾ ಕಲಸು" ಅಂದರು. "ಗೊಂಬಿ ಆಟಾನೂ ಕಲಸ್ಲೇನ್ರಿ?" ಎಂದು ಕಾಕು ಕೇಳಿದಳು. ಹಿರಿಯರು ಕೆಮ್ಮಿದರು. "ಅದನ್ನ ಮೊದಲ ಕಲಸು."

ನಾನು ದೊಡ್ಡವಳಾಗುವಷ್ಟರಲ್ಲಿ ಕಾಕು ಅಫಜಲಪುರಕ್ಕೆ, ಮಗಳ ಮನೆಗೆ ಹೋದಳು. ಅಲ್ಲಿಯೂ ಸುಮ್ಮನೆ ಕೂಡಲಿಲ್ಲ. ಚೌಡಾಪುರದ ರಸ್ತೆಯಲ್ಲಿ ಎರಡು ಮನೆ, ಭೀಮೆಯ ಆಚೆ ಜೇವರ್ಗಿಯ ಕಡೆ ನಾಲ್ಕು ಮನೆ, ಹೀಗೆ ಚೆದುರಿದ ಸಭೆಯವರ ಮಕ್ಕಳನ್ನು ಹುಡುಕಿಕೊಂಡು ಬಂಡಿ ಸಿಕ್ಕರೆ ಬಂಡಿಯಲ್ಲಿ, ಇಲ್ಲದಿದ್ದರೆ ನಡೆದು ಹೋಗುತ್ತಿದ್ದಳಂತೆ. ಇದನ್ನು ನಾನು ಕಂಡಿಲ್ಲ. ಆದರೆ ಬಹಳ ವರ್ಷಗಳ ಮೇಲೆ ನಾನು ಜೇವರ್ಗಿಯಲ್ಲಿ ಶಾಲೆಯ ಮಾಸ್ತರ್ತಿಯಾಗಿದ್ದಾಗ, ನಮ್ಮವರಿಗೆ ಜ್ವರ ಬಂದು ದವಾಖಾನೆಗೆ ಕರೆದೊಯ್ದಿದ್ದೆ. ನನ್ನ ಮುಂದಿದ್ದ ಒಬ್ಬಾತ ನರ್ಸಿಗೆ ತನ್ನ ತಾಯಿಯ ವಿಷಯ ಹೇಳುತ್ತಿದ್ದ. "ರಾತ್ರಿ ಪೂರಾ ಉಂಡಿಲ್ರಿ ನಮ್ಮವ್ವ." ನರ್ಸಮ್ಮ ಅವನನ್ನು ನೋಡಿ, "ನೀ ಕಂಡೀಯೋ, ಯಾರಾರ ಹೇಳಿದ್ದು ಕೇಳೀಯೋ?" ಎಂದಳು. ನಾನು ಅಲ್ಲೇ ನಿಂತು, "ಆಜ್ಞೆ ಎಷ್ಟನೇದವ್ವಾ ಇದು?" ಅಂದೆ. ಅವಳು ನನ್ನನ್ನೇ ನೋಡಿದಳು. ಆಮೇಲೆ ನಕ್ಕುಬಿಟ್ಟಳು. ನಾವಿಬ್ಬರೂ ಒಂದೇ ಅಂಗಳದಲ್ಲಿ ಕೂತವರಲ್ಲ. ಆದರೂ ಆ ದಿನ ದವಾಖಾನೆಯ ಬಾಗಿಲಲ್ಲಿ ಅಕ್ಕತಂಗಿಯರಂತೆ ಕೈ ಹಿಡಿದುಕೊಂಡು ನಿಂತಿದ್ದೆವು.

ಆಗ ಕಾಕು ಇರಲಿಲ್ಲ. ಅವಳು ಹೋದದ್ದು ಅದಕ್ಕೂ ಮೊದಲು, ನಿಜಾಮರ ಆಳ್ವಿಕೆಯ ಕೊನೆಯ ದಿನಗಳಲ್ಲಿ; ಊರೂರಿನಲ್ಲಿ ಗಲಾಟೆ. ದಾರಿಗಳು ನಿಂತುಹೋಗಿದ್ದವು, ಜನ ಮನೆ ಬಿಟ್ಟು ಓಡಿದ್ದರು. ಕಾಕು ಹೊಳೆಯ ದಂಡೆಯ ಯಾವುದೋ ಹಳ್ಳಿಯಲ್ಲಿ ಪಾಠದ ಮಕ್ಕಳ ಜೊತೆ ಸಿಕ್ಕಿಕೊಂಡಿದ್ದಳು, ಅಲ್ಲೇ ಜ್ವರ ಬಂದು ತೀರಿಕೊಂಡಳು ಎಂಬ ಸುದ್ದಿ ನಮಗೆ ಬರುವಷ್ಟರಲ್ಲಿ ಒಂದು ಮಳೆಗಾಲ ಕಳೆದಿತ್ತು. ಆಮೇಲೆ ನಾನು ಎರಡು ಹಳ್ಳಿಗಳಿಗೆ ಹೋಗಿ ಕೇಳಿದೆ. ಆಗಿದ್ದವರು ಯಾರೂ ಅಲ್ಲಿ ಉಳಿದಿರಲಿಲ್ಲ. ಅವಳನ್ನು ಎಲ್ಲಿ ಇಟ್ಟರು, ಯಾರು ಪ್ರಾರ್ಥನೆ ಮಾಡಿದರು, ಯಾರಾದರೂ ಮಾಡಿದರೋ ಇಲ್ಲವೋ…

ಈ ಸಲ ಗುಲಬರ್ಗಾದಿಂದ ತಿರುಗಿ ಬರುವಾಗ ಮೊಮ್ಮಗಳ ಗಂಡನನ್ನು ಕೇಳಿಕೊಂಡು ಆಳಂದಕ್ಕೆ ಹೋದೆ. ಮಂದಿರವನ್ನು ಹೊಸದಾಗಿ ಕಟ್ಟಿದ್ದಾರೆ. ಹಿಂದಿನ ಕಲ್ಲಿನ ಗೋಡೆ ಪೂರ್ತಿ ಹೋಗಿದೆ; ಕಲ್ಲುಗಳನ್ನು ಯಾರು ಯಾವ ಮನೆಗೆ ಒಯ್ದರೋ. ಎಲ್ಲ ಒಂದೇ ನೆಲ, ಎಲ್ಲೆಲ್ಲೂ ಜಾಲಿ ಬೆಳೆದಿದೆ. ಒಳಗೆ ಯಾವುದಿತ್ತು, ಹೊರಗೆ ಯಾವುದಿತ್ತು ಎಂದು ಹುಡುಗ ಕೇಳಿದ. ಕೋಲೂರಿಕೊಂಡು ನಡೆದು, ಗೋಡೆ ಇದ್ದ ಗೆರೆಯನ್ನು ತೋರಿಸಿದೆ. ಯಾಕೋಬ ಇರುವ ಜಾಗವನ್ನೂ ತೋರಿಸಿದೆ. ಅವನು ಚಪ್ಪಲಿ ಬಿಟ್ಟು ನಿಂತ. "ಮತ್ತ ನಿಮ್ಮ ಕಾಕು?" ಎಂದು ಕೇಳಿದ.

ನನಗೆ ಗೊತ್ತಿಲ್ಲಪ್ಪ, ಅಂದೆ.